ಜಾಡು ಬಿದ್ದ ದಾರಿಗೆ ಟ್ರ್ಯಾಕ್ಟರ್‌ನಲ್ಲಿ ಜಲ್ಲಿ ಹರಡುವುದು ಹೇಗೆ?

"ಹೋದ ವರ್ಷ ತಾನೇ ಜಲ್ಲಿ ಹಾಕಿಸಿದ್ದು, ಈಗ ಮತ್ತೆ ಅದೇ ಜಾಗದಲ್ಲಿ ಜಾಡು ಬಿದ್ದಿದೆ. ಇನ್ನೆಷ್ಟು ಲೋಡ್ ಹಾಕಿಸಬೇಕು?" ಮಳೆಗಾಲ ಮುಗಿಯುತ್ತಿದ್ದ ಹಾಗೆ ಓದುಗರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಇದೇ. ದಾರಿಯ ನೀರು ಎಲ್ಲಿಗೆ ಹೋಗುತ್ತದೆ ಎಂದು ನೋಡದೆ ಎಷ್ಟು ಲೋಡ್ ಹಾಕಿಸಿದರೂ ಸಾಲುವುದಿಲ್ಲ. ನೆನೆದ ಮಣ್ಣಿನ ಮೇಲೆ ಚಕ್ರ ಹೋದಾಗ ಮಣ್ಣು ಪಕ್ಕಕ್ಕೆ ಸರಿದು ಜಾಡಾಗುತ್ತದೆ. ಜಾಡಿನಲ್ಲಿ ಇನ್ನಷ್ಟು ನೀರು ನಿಲ್ಲುತ್ತದೆ, ಮಣ್ಣು ಇನ್ನಷ್ಟು ಮೆತ್ತಗಾಗುತ್ತದೆ. ಆ ಜಾಡಿಗೇ ಜಲ್ಲಿ ಸುರಿದರೆ ಅದು ಕೆಸರಿನೊಳಗೆ ಇಳಿದು ಮಾಯವಾಗುತ್ತದೆ. ಅದಕ್ಕೇ ಇಲ್ಲಿ ಅರ್ಧಕ್ಕರ್ಧ ಕೆಲಸ ಜಲ್ಲಿ ಬರುವ ಮೊದಲೇ ಮುಗಿಯಬೇಕು.

ಈ ಲೇಖನ ಹತ್ತು ಹನ್ನೆರಡು ಅಡಿ ಅಗಲದ, ಡಾಂಬರಿಲ್ಲದ ದಾರಿಗೆ ಸಂಬಂಧಿಸಿದ್ದು. ಹೊಲದ ದಾರಿಯಾಗಲಿ, ತೋಟದ ಮನೆಗೆ ಹೋಗುವ ದಾರಿಯಾಗಲಿ, ಕ್ರಮ ಒಂದೇ. ನಾಲ್ಕಾರು ಮನೆಯವರು ಓಡಾಡುವ ದಾರಿಯಾದರೆ ಕೆಲಸಕ್ಕೆ ಮುಂಚೆ ಅವರಿಗೆಲ್ಲ ಒಂದು ಮಾತು ಹೇಳಿ. ನಿಮ್ಮ ಚರಂಡಿಯ ನೀರು ಪಕ್ಕದವರ ಹೊಲಕ್ಕೆ ನುಗ್ಗಿದರೆ ದಾರಿಗಿಂತ ದೊಡ್ಡ ತಕರಾರು ಶುರುವಾಗುತ್ತದೆ.

ಏನೇನು ಬೇಕು

35ರಿಂದ 50 ಎಚ್‌ಪಿ ಟ್ರ್ಯಾಕ್ಟರ್ ಸಾಕು. ಅದರ ಹಿಂದೆ ಕಟ್ಟಲು ಬ್ಲೇಡ್ ಅಥವಾ ಲೆವೆಲರ್ ಬೇಕು. ಇದರ ಅಗಲ ಹಿಂದಿನ ಎರಡು ಟೈರುಗಳ ಹೊರಗಿನ ಅಂಚಿನಿಂದ ಅಂಚಿಗೆ ಇರುವಷ್ಟಾದರೂ ಇರಲಿ. ಬ್ಲೇಡು ಟೈರಿಗಿಂತ ಚಿಕ್ಕದಾದರೆ ನೀವು ಸಮ ಮಾಡಿದ ಜಾಗದಲ್ಲೇ ನಿಮ್ಮ ಟೈರು ಗೆರೆ ಬಿಟ್ಟುಕೊಂಡು ಹೋಗುತ್ತದೆ. ಬ್ಲೇಡನ್ನು ಎಡಕ್ಕೋ ಬಲಕ್ಕೋ ಓರೆ ತಿರುಗಿಸಲು ಬರುವಂತಿದ್ದರೆ ಒಳ್ಳೆಯದು.

ಹಳೆಯ ನೆಲ ಕೆದಕಲು ಕಲ್ಟಿವೇಟರ್, ಕಲ್ಲು ಸಾಗಿಸಲು ಹೈಡ್ರಾಲಿಕ್ ಟ್ರೇಲರ್ ಅಥವಾ ಟಿಪ್ಪರ್, ಅಮುಕಲು ರೋಲರ್ ಬೇಕು. ರೋಲರ್ ಸಿಗದಿದ್ದರೆ ಏನು ಮಾಡಬೇಕೆಂದು ಮುಂದೆ ಹೇಳುತ್ತೇನೆ. ಇವಲ್ಲದೆ ಸಲಿಕೆ, ಗುದ್ದಲಿ, ಗೂಟ, ದಾರ, ಟೇಪು, ಐದಡಿ ಉದ್ದದ ನೇರ ಹಲಗೆ ಮತ್ತು ಗಾರೆ ಕೆಲಸದವರ ರಸಮಟ್ಟ ಕೈಯಲ್ಲಿರಲಿ. ಕೊನೆಯ ಎರಡು ಇಲ್ಲದೆ ಕೆಲಸ ಶುರು ಮಾಡಬೇಡಿ. ಕಣ್ಣಿಗೆ ಸರಿ ಕಂಡ ಇಳಿಜಾರು ಎಷ್ಟೋ ಸಲ ಇಳಿಜಾರೇ ಆಗಿರುವುದಿಲ್ಲ.

ಯಾವ ಕಲ್ಲು ತರಿಸಬೇಕು

ಹೆಚ್ಚು ಜನ ಎಡವುವುದು ಇಲ್ಲಿ. ತೊಳೆದ, ಒಂದೇ ಸೈಜಿನ 20 ಎಂಎಂ ಜಲ್ಲಿ ನೋಡಲು ಚೆಂದ, ಕಾಂಕ್ರೀಟಿಗೆ ಸರಿ, ಆದರೆ ದಾರಿಯ ಮೇಲ್ಪದರಕ್ಕೆ ಅದೊಂದನ್ನೇ ಹಾಕಿದರೆ ಬರುವುದಿಲ್ಲ. ಕಲ್ಲುಗಳ ನಡುವಿನ ಸಂದು ತುಂಬಲು ಪುಡಿ ಇಲ್ಲದ ಕಾರಣ ಅದು ಎಂದೂ ಕಚ್ಚಿಕೊಳ್ಳುವುದಿಲ್ಲ, ಟೈರಿನಡಿ ಜಾರುತ್ತಲೇ ಇರುತ್ತದೆ. ಹೊಳೆಯ ಉರುಟು ಕಲ್ಲಂತೂ ಬೇಡವೇ ಬೇಡ. ಮೂಲೆ ಇರುವ, ಕ್ರಷರಿನಲ್ಲಿ ಒಡೆದ ಕಲ್ಲೇ ಬೇಕು.

ಮೇಲ್ಪದರಕ್ಕೆ 20 ಎಂಎಂನಿಂದ ಹಿಡಿದು ಪುಡಿಯವರೆಗೆ ಎಲ್ಲ ಸೈಜೂ ಬೆರೆತ ಮಾಲು ಕೇಳಿ. ರಸ್ತೆ ಕೆಲಸದವರು ಇಂಥ ಮಿಶ್ರಣಕ್ಕೆ ನೀರು ಸೇರಿಸಿ ಕಲಸಿದ್ದನ್ನು ವೆಟ್‌ಮಿಕ್ಸ್ ಎನ್ನುತ್ತಾರೆ. ಅದು ಸಿಗದಿದ್ದರೆ 20 ಎಂಎಂ, 12 ಎಂಎಂ ಜಲ್ಲಿ ಮತ್ತು ಕ್ರಷರ್ ಪುಡಿ ಬೇರೆ ಬೇರೆ ತರಿಸಿ ನೀವೇ ಬೆರೆಸಬಹುದು. ಒಳ್ಳೆಯ ಗರಸು ಮಣ್ಣು ಸಿಗುವ ಕಡೆ ಅದೂ ಆಗುತ್ತದೆ. ಆದರೆ ಅಂಗೈಯಲ್ಲಿ ಒದ್ದೆ ಮಾಡಿ ಉಜ್ಜಿ ನೋಡಿ. ಹರಳು ಕೈಗೆ ಒತ್ತಬೇಕು, ಜೊತೆಗೆ ಸ್ವಲ್ಪ ಅಂಟೂ ಇರಬೇಕು. ಬರೀ ಅಂಟಿದ್ದರೆ ಮಳೆಯಲ್ಲಿ ಜಾರುತ್ತದೆ, ಬರೀ ಹರಳಿದ್ದರೆ ಬೇಸಿಗೆಯಲ್ಲಿ ಚದುರುತ್ತದೆ.

ನೆಲ ಮೆತ್ತಗಿದ್ದರೆ ಕೆಳಗೆ 40ರಿಂದ 60 ಎಂಎಂ ಕಲ್ಲಿನ ಪದರ ಬೇಕು. "ದಪ್ಪ ಕಲ್ಲು ಗಟ್ಟಿ" ಎಂದು ಅದನ್ನೇ ಮೇಲಕ್ಕೂ ಹಾಕುವವರಿದ್ದಾರೆ. ಆಮೇಲೆ ಆ ದಾರಿಯಲ್ಲಿ ಬೈಕಿನವರ ಪಾಡು ಕೇಳಬೇಡಿ. ಕೆಡವಿದ ಮನೆಯ ಇಟ್ಟಿಗೆ, ಗಾರೆ ಚೂರು ತಳಕ್ಕೆ ನಡೆಯುತ್ತದೆ, ಮೊಳೆ ಕಂಬಿಗಳನ್ನೆಲ್ಲ ಆರಿಸಿ ತೆಗೆಯುವ ತಾಳ್ಮೆ ಇದ್ದರೆ ಮಾತ್ರ.

ಎಷ್ಟು ಬೇಕು

ಉದ್ದ, ಅಗಲ, ದಪ್ಪ ಮೂರನ್ನೂ ಅಡಿಯಲ್ಲಿ ಗುಣಿಸಿ. 300 ಅಡಿ ಉದ್ದ, 10 ಅಡಿ ಅಗಲದ ದಾರಿಗೆ ಅಮುಕಿದ ಮೇಲೆ 4 ಇಂಚು ಉಳಿಯಬೇಕು ಎಂದುಕೊಳ್ಳಿ. 4 ಇಂಚೆಂದರೆ ಅಡಿಯ ಮೂರನೇ ಒಂದು ಭಾಗ. ಅಲ್ಲಿಗೆ 1000 ಘನ ಅಡಿ ಆಯಿತು. ಆದರೆ ಸಡಿಲ ಮಾಲು ಅಮುಕಿದಾಗ ಸುಮಾರು ಐದರಲ್ಲಿ ಒಂದು ಪಾಲು ಕುಗ್ಗುತ್ತದೆ. ಹಾಗಾಗಿ ಹರಡುವಾಗ 5 ಇಂಚು ದಪ್ಪ ಇರಬೇಕು, ತರಿಸಬೇಕಾದ್ದು 1250 ಘನ ಅಡಿ. ಒಂದು ಟ್ರೇಲರಿಗೆ 100 ಘನ ಅಡಿ ಹಿಡಿಯುತ್ತದೆ ಎಂದಾದರೆ ಹನ್ನೆರಡೂವರೆ ಲೋಡ್. ಅಂದರೆ ಪ್ರತಿ 24 ಅಡಿಗೆ ಒಂದು ಲೋಡ್ ಸುರಿಯಬೇಕು. ಈ 24 ಅಡಿಗೊಂದು ಗೂಟ ಮೊದಲೇ ನೆಟ್ಟುಬಿಡಿ. ಗೂಟವಿಲ್ಲದಿದ್ದರೆ ಡ್ರೈವರ್ ಅಂದಾಜಿನಲ್ಲಿ ಸುರಿಯುತ್ತಾನೆ, ದಾರಿಯ ಮೊದಲರ್ಧಕ್ಕೆ ದಪ್ಪ ಹಾಸಿಗೆ, ಕೊನೆಯರ್ಧಕ್ಕೆ ಬರೀ ಧೂಳು ಸಿಗುತ್ತದೆ.

ಗಟ್ಟಿ ನೆಲಕ್ಕೆ ಈ 4 ಇಂಚು ಸಾಕು. ಮೆತ್ತನೆಯ ನೆಲಕ್ಕೆ ಎರಡು ಪದರ ಸೇರಿ 8 ಇಂಚಾದರೂ ಬೇಕು. ತರಿಸುವಾಗಲೇ ಅರ್ಧ ಲೋಡ್ ಹೆಚ್ಚಿಗೆ ತರಿಸಿ ಒಂದು ಮೂಲೆಗೆ ಹಾಕಿಸಿಕೊಳ್ಳಿ.

ಕೆಲಸದ ಹಂತಗಳು

1. ಮಳೆಯಲ್ಲಿ ಒಮ್ಮೆ ನಡೆದು ನೋಡಿ. ಜೋರು ಮಳೆ ಬರುವಾಗ ಅಥವಾ ನಿಂತ ಕೂಡಲೇ ದಾರಿಯುದ್ದಕ್ಕೂ ನಡೆಯಿರಿ. ನೀರು ಎಲ್ಲಿ ದಾರಿಗೆ ಇಳಿಯುತ್ತದೆ, ಎಷ್ಟು ದೂರ ಜಾಡಿನಲ್ಲೇ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ನೋಡಿ ಅಲ್ಲಲ್ಲಿ ಗೂಟ ಹೊಡೆಯಿರಿ. ದಾರಿಯ ಎರಡೂ ಅಂಚಿನಲ್ಲಿ ಹುಲ್ಲು ಬೆಳೆದು ಸಣ್ಣ ಬದುವಿನಂತೆ ಎದ್ದಿರುವುದನ್ನು ಹೆಚ್ಚು ಜನ ಗಮನಿಸುವುದೇ ಇಲ್ಲ. ನೀರು ಹೊರಗೆ ಹೋಗದಂತೆ ತಡೆಯುವುದು ಬಹಳ ಸಲ ಆ ಹುಲ್ಲಿನ ಬದುವೇ.

2. ನೀರಿಗೆ ದಾರಿ ಮಾಡಿಕೊಡಿ. ಬ್ಲೇಡನ್ನು ಓರೆ ಮಾಡಿ ಅಂಚಿನ ಬದುವನ್ನು ಕೊಯ್ದು ತೆಗೆಯಿರಿ. ಆ ಹುಲ್ಲುಮಣ್ಣನ್ನು ದಾರಿಯ ನಡುವಿಗೆ ಎಳೆಯಬೇಡಿ, ಹೊರಗೆ ಸಾಗಿಸಿ. ಬೇರು, ಹುಲ್ಲು ಒಳಗೆ ಸೇರಿದರೆ ಕೊಳೆತು ಕುಸಿಯುತ್ತದೆ. ಪಕ್ಕದ ಚರಂಡಿಯ ತಳ ದಾರಿಯ ಕಲ್ಲಿನ ಪದರದ ತಳಕ್ಕಿಂತ ಒಂದಡಿಯಾದರೂ ಕೆಳಗಿರಲಿ. ಮೇಲಾಗಿದ್ದರೆ ಚರಂಡಿಯ ನೀರೇ ಕಲ್ಲಿನಡಿಗೆ ಬಸಿಯುತ್ತದೆ. ಚರಂಡಿಗೆ ಒಂದು ಕೊನೆಯೂ ಬೇಕು, ನೀರು ಹೋಗಿ ಬೀಳಲು ಹಳ್ಳವೋ ತಗ್ಗೋ ಇಲ್ಲದ ಚರಂಡಿ ಉದ್ದನೆಯ ಕೊಳವಷ್ಟೇ.

ನೀರು ದಾರಿಯನ್ನು ಅಡ್ಡ ದಾಟಲೇಬೇಕಾದ ಕಡೆ ಪೈಪ್ ಮೋರಿ ಹಾಕಿ. 12 ಇಂಚಿಗಿಂತ ಸಣ್ಣ ಪೈಪು ಒಂದೇ ಮಳೆಗೆ ಎಲೆ, ಕಡ್ಡಿಯಿಂದ ಕಟ್ಟಿಕೊಳ್ಳುತ್ತದೆ. ಪೈಪಿನ ಮೇಲೆ ಒಂದಡಿ ಮಣ್ಣು, ಕಲ್ಲು ಇರಬೇಕು, ಹೊರಬಾಯಿ ಒಳಬಾಯಿಗಿಂತ ತಗ್ಗಿರಬೇಕು. ಕಡಿದಾದ ಇಳಿಜಾರಿನಲ್ಲಿ ನೀರು ಪಕ್ಕಕ್ಕೆ ಹೋಗುವುದಕ್ಕಿಂತ ದಾರಿಯುದ್ದಕ್ಕೇ ಓಡುತ್ತದೆ. ಅಲ್ಲಿ ದಾರಿಗೆ ಓರೆಯಾಗಿ, ಗಾಡಿ ಹತ್ತಿ ಇಳಿಯುವಂತೆ ಮೆಲ್ಲನೆಯ ಉಬ್ಬುಗಳನ್ನು ಮಾಡಿ ನೀರನ್ನು ಅಂಚಿಗೆ ತಿರುಗಿಸಬೇಕು.

3. ಹಳೆಯ ನೆಲ ಕೆದಕಿ. ನೆಲದಡಿ ನೀರಿನ ಪೈಪು, ಕರೆಂಟಿನ ಕೇಬಲ್ ಎಲ್ಲಿ ಹಾದಿದೆ ಎಂದು ಮೊದಲು ಗುರುತು ಮಾಡಿ. ಆಮೇಲೆ ಕಲ್ಟಿವೇಟರನ್ನು ಜಾಡಿನ ತಳದವರೆಗೆ ಇಳಿಸಿ ಇಡೀ ಅಗಲಕ್ಕೂ ಹೊಡೆಯಿರಿ. ಗಟ್ಟಿ ನೆಲ ಯಾಕೆ ಕೆದಕಬೇಕು ಎಂದು ಕೇಳುವವರು ಬಹಳ. ಜಾಡಿನ ತಳ ಚಕ್ರದಡಿ ಒತ್ತಿ ಒತ್ತಿ ನುಣ್ಣಗಾಗಿರುತ್ತದೆ. ಅದರ ಮೇಲೆ ತುಂಬಿದ ಮಾಲು ಅದಕ್ಕೆ ಬೆರೆಯುವುದಿಲ್ಲ, ಬಿಲ್ಲೆಯಂತೆ ಪ್ರತ್ಯೇಕ ಕೂತು ಮೊದಲ ಮಳೆಗೆ ಎದ್ದು ಬರುತ್ತದೆ. ಇನ್ನೊಂದು ವಿಷಯ, ಜಾಡನ್ನು ಮಾತ್ರ ಜಲ್ಲಿಯಿಂದ ತುಂಬಿದರೆ ನೆಲದೊಳಗೆ ಎರಡು ಉದ್ದನೆಯ ಕಲ್ಲಿನ ಕಾಲುವೆ ಆಗುತ್ತದೆ. ಮೇಲಿನಿಂದ ಬಸಿದ ನೀರೆಲ್ಲ ಅಲ್ಲೇ ಸೇರಿ, ಹೊರಗೆ ಹೋಗಲು ಜಾಗವಿಲ್ಲದೆ, ಸರಿಯಾಗಿ ಚಕ್ರ ಹೋಗುವ ಜಾಗದ ಅಡಿಯಲ್ಲೇ ನಿಲ್ಲುತ್ತದೆ.

ಕೆಸರಾಗಿರುವಾಗ ಈ ಕೆಲಸಕ್ಕೆ ಕೈ ಹಾಕಬೇಡಿ. ಒಂದು ಹಿಡಿ ಮಣ್ಣು ಅಮುಕಿದರೆ ಉಂಡೆ ನಿಲ್ಲಬೇಕು, ಕೈಗೆ ನೀರು ಹತ್ತಬಾರದು. ಅದೇ ಹದ.

4. ನಡು ಎತ್ತರ ಮಾಡಿ. ದಾರಿಯ ನಡು ಎತ್ತರ, ಎರಡು ಅಂಚು ತಗ್ಗು ಇರುವ ಈ ಆಕಾರಕ್ಕೆ ರಸ್ತೆ ಕೆಲಸದವರು ಕ್ಯಾಂಬರ್ ಎನ್ನುತ್ತಾರೆ. ಅಳತೆ ಸುಲಭ, ಅಡಿಗೆ ಅರ್ಧ ಇಂಚು. 10 ಅಡಿ ಅಗಲದ ದಾರಿಯಲ್ಲಿ ನಡುವಿನಿಂದ ಅಂಚಿಗೆ ಐದಡಿ, ಹಾಗಾದರೆ ನಡು ಅಂಚಿಗಿಂತ ಎರಡೂವರೆ ಇಂಚು ಮೇಲಿರಬೇಕು. ಪರೀಕ್ಷೆಗೆ ಐದಡಿಯ ಹಲಗೆಯನ್ನು ನಡುವಿನಿಂದ ಅಂಚಿಗೆ ಅಡ್ಡ ಇಡಿ, ಅಂಚಿನ ತುದಿಯಡಿ ಎರಡೂವರೆ ಇಂಚಿನ ಮರದ ತುಂಡು ಕೊಡಿ, ಮೇಲೆ ರಸಮಟ್ಟ ಇಡಿ. ಗುಳ್ಳೆ ನಡುವಿಗೆ ಬಂದರೆ ಇಳಿಜಾರು ಸರಿಯಿದೆ. ಪ್ರತಿ ಗೂಟದ ಹತ್ತಿರ ಹೀಗೆ ನೋಡಿ.

ಈ ಆಕಾರ ಮಣ್ಣಿನಲ್ಲೇ ಬರಬೇಕು. ಮಣ್ಣು ಬಟ್ಟಲಿನ ಹಾಗಿದ್ದು ಜಲ್ಲಿಯಲ್ಲಿ ಮಾತ್ರ ಉಬ್ಬು ಮಾಡಿದರೆ, ಹೊರಗೆ ಚೆನ್ನಾಗಿ ಕಂಡರೂ ಒಳಗಿನ ನೀರು ಆ ಬಟ್ಟಲಿನಲ್ಲೇ ಉಳಿಯುತ್ತದೆ.

ಬ್ಲೇಡ್ ಹೊಂದಿಸುವುದು ಹೀಗೆ. ಟ್ರ್ಯಾಕ್ಟರಿನ ಹಿಂದೆ ಉಪಕರಣ ಹಿಡಿಯುವ ಮೂರು ತೋಳುಗಳಲ್ಲಿ ಬಲಗಡೆಯ ಕೆಳತೋಳನ್ನು ಸಾಮಾನ್ಯವಾಗಿ ತಿರುಪಿ ಏರಿಸಿ ಇಳಿಸಬಹುದು. ಅದರಿಂದ ಬ್ಲೇಡಿನ ಒಂದು ತುದಿ ತಗ್ಗುತ್ತದೆ. ತಗ್ಗಿದ ತುದಿ ದಾರಿಯ ಅಂಚಿನ ಕಡೆ ಇರಲಿ, ಬ್ಲೇಡನ್ನು ಮಾಲು ನಡುವಿಗೆ ಸರಿಯುವಂತೆ ಓರೆ ಮಾಡಿ. ಒಂದು ಅಂಚಿನಲ್ಲಿ ಹೋಗಿ, ಇನ್ನೊಂದು ಅಂಚಿನಲ್ಲಿ ವಾಪಸ್ ಬನ್ನಿ. ಹೈಡ್ರಾಲಿಕ್‌ಗೆ ಎರಡು ಲಿವರ್ ಇದ್ದರೆ ಪೊಸಿಷನ್ ಕಂಟ್ರೋಲ್ ಬಳಸಿ. ಅದು ಬ್ಲೇಡನ್ನು ನೀವಿಟ್ಟ ಎತ್ತರದಲ್ಲೇ ಹಿಡಿಯುತ್ತದೆ. ಡ್ರಾಫ್ಟ್ ಕಂಟ್ರೋಲ್ ಇರುವುದು ಉಳುಮೆಗೆ. ಎಳೆತ ಹೆಚ್ಚಾದಾಗ ತಾನೇ ಎತ್ತಿ, ಕಡಿಮೆಯಾದಾಗ ಇಳಿಸುವುದರಿಂದ ದಾರಿ ಅಲೆ ಅಲೆಯಾಗುತ್ತದೆ.

ಜಾಡಿನೊಳಗೇ ಟೈರು ಇಟ್ಟುಕೊಂಡು ಓಡಿಸಿದರೆ ಜಾಡು ಎಂದೂ ಹೋಗುವುದಿಲ್ಲ. ಬ್ಲೇಡ್ ಹಿಂದಿನ ಚಕ್ರಕ್ಕೆ ನೇತುಬಿದ್ದಿರುವ ಕಾರಣ ಚಕ್ರ ಇಳಿದರೆ ಬ್ಲೇಡೂ ಇಳಿಯುತ್ತದೆ, ಹಳೆಯ ಏರುತಗ್ಗಿನದೇ ನಕಲು ತೆಗೆಯುತ್ತಾ ಹೋಗುತ್ತೀರಿ. ಜಾಡನ್ನು ಬಿಟ್ಟು, ಅದರ ಪಕ್ಕದ ದಿಣ್ಣೆಯ ಮೇಲೆ ಚಕ್ರ ಹೋಗಲಿ.

5. ಮೆತ್ತನೆಯ ಜಾಗಕ್ಕೆ ಬೇರೆ ಉಪಚಾರ. ಎರೆಮಣ್ಣಿನಂಥ ಜಿಗುಟು ನೆಲದಲ್ಲಿ ಕಲ್ಲು ಕೆಳಗಿಳಿಯುತ್ತದೆ, ಕೆಸರು ಮೇಲೆ ಬರುತ್ತದೆ. ಎರಡನ್ನೂ ಬೇರ್ಪಡಿಸಲು ನಡುವೆ ಜಿಯೋಟೆಕ್ಸ್‌ಟೈಲ್ ಹಾಸಿ. ಇದು ನೀರನ್ನು ಬಿಟ್ಟು ಮಣ್ಣನ್ನು ತಡೆಯುವ ದಪ್ಪ ಬಟ್ಟೆ. ಮಾಮೂಲು ಪ್ಲಾಸ್ಟಿಕ್ ಟಾರ್ಪಾಲು ಇದರ ಬದಲಿಗೆ ಆಗುವುದಿಲ್ಲ, ಅದು ನೀರನ್ನೂ ಹಿಡಿದಿಡುತ್ತದೆ. ಒಂದು ತುಂಡಿನ ಮೇಲೆ ಇನ್ನೊಂದು ಒಂದೂವರೆ ಅಡಿ ಹೊದೆಯಲಿ. ಮೇಲೆ 6 ಇಂಚು ಕಲ್ಲು ಬೀಳುವವರೆಗೆ ಯಾವ ಚಕ್ರವೂ ಬಟ್ಟೆಯ ಮೇಲೆ ಹೋಗಬಾರದು.

6. ಸುರಿಯುವುದು. ನೆಲ ಗಟ್ಟಿಯಿದ್ದರೆ ಟ್ರೇಲರಿನ ಹಿಂಬದಿ ಡೋರನ್ನು ಕೆಲವೇ ಇಂಚು ತೆರೆಯುವಂತೆ ಎರಡೂ ಕಡೆ ಸರಪಳಿ ಹಾಕಿ, ಟ್ರೇಲರನ್ನು ಸ್ವಲ್ಪ ಸ್ವಲ್ಪವೇ ಎತ್ತುತ್ತಾ ಮೊದಲ ಗೇರಿನಲ್ಲಿ ನಿಧಾನವಾಗಿ ಮುಂದಕ್ಕೆ ಹೋಗಿ. ಜಲ್ಲಿ ತಾನೇ ಹಾಸಿಕೊಂಡು ಬೀಳುತ್ತದೆ, ಬ್ಲೇಡಿನ ಕೆಲಸ ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ನೆಲ ಮೆತ್ತಗಿದ್ದರೆ ದಾರಿಯ ಆರಂಭದಿಂದ ಶುರು ಮಾಡಿ, ಹಾಕಿದ ಕಲ್ಲಿನ ಮೇಲೇ ಹಿಂದಕ್ಕೆ ಬಂದು ಅದರ ತುದಿಗೆ ಸುರಿದು, ಮುಂದಕ್ಕೆ ತಳ್ಳುತ್ತಾ ಹೋಗಿ. 100 ಘನ ಅಡಿ ಜಲ್ಲಿ ನಾಲ್ಕು ಟನ್ನಿಗಿಂತ ಹೆಚ್ಚು ತೂಗುತ್ತದೆ. ಆ ತೂಕ ನೀವು ಹದ ಮಾಡಿದ ಮಣ್ಣಿನ ಮೇಲೆ ಓಡಾಡಿದರೆ ಹೊಸ ಜಾಡು ಆಗಲೇ ಬಿತ್ತು.

ಎಚ್ಚರಿಕೆ ಹೆಚ್ಚು ಬೇಕಾದ ಹಂತವೂ ಇದೇ. ಎತ್ತುವ ಮೊದಲು ತಲೆ ಎತ್ತಿ ಕರೆಂಟಿನ ತಂತಿ ನೋಡಿ. ಟ್ರೇಲರಿನ ಒಂದು ಚಕ್ರ ತಗ್ಗಿನಲ್ಲಿದ್ದರೆ ಎತ್ತಲೇಬೇಡಿ, ಪಕ್ಕಕ್ಕೆ ಮಗುಚುತ್ತದೆ. ಒದ್ದೆ ಪುಡಿ ಮೂಲೆಗೆ ಅಂಟಿಕೊಂಡರೆ ಟ್ರ್ಯಾಕ್ಟರನ್ನು ಜಗ್ಗಿ ಕುಲುಕುವ ಬದಲು ಟ್ರೇಲರನ್ನು ಪೂರ್ತಿ ಇಳಿಸಿ, ಸಲಿಕೆಯಿಂದ ಬಿಡಿಸಿ. ಎತ್ತಿದ ಟ್ರೇಲರಿನಡಿ ಯಾರೂ ತಲೆ ಹಾಕಬಾರದು, ಗಟ್ಟಿ ಆಸರೆ ಕೊಡದೆ ರಿಪೇರಿಗೂ ಹೋಗಬಾರದು.

7. ಹರಡುವುದು. ರಾಶಿ ಹಾಕಿದಾಗ ದಪ್ಪ ಕಲ್ಲು ಉರುಳಿ ಬುಡಕ್ಕೆ ಹೋಗುತ್ತದೆ, ಪುಡಿ ನಡುವಿನಲ್ಲಿ ಉಳಿಯುತ್ತದೆ. ರಾಶಿಯನ್ನು ಹಾಗೇ ಎಳೆದರೆ ದಾರಿಯಲ್ಲಿ ಒಂದು ಕಡೆ ಬರೀ ಕಲ್ಲು, ಮುಂದೆ ಬರೀ ಪುಡಿ. ಅದಕ್ಕೇ ಮೊದಲು ಬ್ಲೇಡನ್ನು ಓರೆ ಹಿಡಿದು ರಾಶಿಯನ್ನು ಉದ್ದನೆಯ ಸಾಲು ಮಾಡಿ. ಆ ಸಾಲನ್ನು ಒಂದು ಅಂಚಿನಿಂದ ನಡುವಿಗೆ, ನಡುವಿನಿಂದ ಇನ್ನೊಂದು ಅಂಚಿಗೆ ಒಂದೆರಡು ಸಲ ಮಗುಚಿ. ಬ್ಲೇಡಿನ ಓರೆಯ ಮೇಲೆ ಮಾಲು ಸುರುಳಿ ಸುರುಳಿಯಾಗಿ ಹೊರಳುತ್ತಾ ಹೋಗುವುದು ಕಂಡರೆ ಬೆರಕೆ ಸರಿಯಾಗುತ್ತಿದೆ ಎಂದು ತಿಳಿಯಿರಿ. ಹೊರಳದೆ ಮುಂದೆ ಗುಡ್ಡೆಯಾಗುತ್ತಿದ್ದರೆ ಓರೆ ಸಾಲದು, ಇಲ್ಲವೇ ಒಂದೇ ಸಲಕ್ಕೆ ಹೆಚ್ಚು ಮಾಲು ಹಿಡಿದಿದ್ದೀರಿ.

ವೇಗ ನಡಿಗೆಯಷ್ಟೇ ಇರಲಿ. ಜೋರು ಹೋದರೆ ಬ್ಲೇಡ್ ಕುಣಿಯುತ್ತದೆ, ಆ ಕುಣಿತ ಮೇಲ್ಮೈಯಲ್ಲಿ ಅಲೆಯಾಗಿ ಉಳಿಯುತ್ತದೆ, ಮೇಲೆ ಓಡುವ ಗಾಡಿಗಳು ಅದನ್ನು ಇನ್ನಷ್ಟು ಆಳ ಮಾಡುತ್ತವೆ. ಕೊನೆಯ ಸುತ್ತಿಗೆ ಬ್ಲೇಡನ್ನು ಹಿಂದುಮುಂದು ತಿರುಗಿಸಿ ಹಗುರವಾಗಿ ಎಳೆಯಿರಿ. ಆಗ ಅದು ಕೊಯ್ಯುವುದಿಲ್ಲ, ಸವರುತ್ತದೆ. ಬ್ಲೇಡ್ ಪಳಗದವರು ಉದ್ದನೆಯ ಕಬ್ಬಿಣದ ತೊಲೆಗೆ ಎರಡು ಸರಪಳಿ ಕಟ್ಟಿ, ಸ್ವಲ್ಪ ಓರೆಯಾಗಿ, ಹೊಲಕ್ಕೆ ಕೊರಡು ಹೊಡೆದ ಹಾಗೆ ಎಳೆದರೂ ನಡೆಯುತ್ತದೆ. ಕೈ ನಡುಗಿದರೂ ತೊಲೆ ನಡುಗುವುದಿಲ್ಲ.

ಚರಂಡಿಯ ಅಂಚಿನಿಂದ ದೂರವಿರಿ, ಚರಂಡಿ ಎಷ್ಟು ಆಳವೋ ಅಷ್ಟು ದೂರವಾದರೂ. ಎಡ, ಬಲ ಬ್ರೇಕ್ ಪೆಡಲುಗಳನ್ನು ಕೊಂಡಿ ಹಾಕಿ ಒಂದಾಗಿಸಿ, ಟ್ರೇಲರ್ ಎಳೆಯುವಾಗ ಒಂದೇ ಬ್ರೇಕ್ ಹಿಡಿದರೆ ಟ್ರ್ಯಾಕ್ಟರ್ ಗಿರಕ್ಕನೆ ತಿರುಗುತ್ತದೆ. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಬೇಡಿ. ಮಡ್‌ಗಾರ್ಡ್ ಮೇಲೆ ಯಾರನ್ನೂ ಕೂರಿಸಿಕೊಳ್ಳಬೇಡಿ, ಮಕ್ಕಳನ್ನಂತೂ ಖಂಡಿತ ಬೇಡ. ಟ್ರ್ಯಾಕ್ಟರಿನಿಂದ ಇಳಿಯುವಾಗ ಬ್ಲೇಡ್ ನೆಲಕ್ಕಿಟ್ಟು, ಎಂಜಿನ್ ಆರಿಸಿ ಇಳಿಯಿರಿ.

8. ಅಮುಕುವುದು. ಒಣ ಮಾಲು ಎಷ್ಟು ಉರುಳಿಸಿದರೂ ಕೂರುವುದಿಲ್ಲ. ನೀರು ಚಿಮುಕಿಸಿ, ಮಣ್ಣಿಗೆ ಹೇಳಿದ ಉಂಡೆಯ ಹದವೇ ಇಲ್ಲಿಗೂ ಬರಲಿ. ರೋಲರನ್ನು ಅಂಚಿನಿಂದ ಶುರು ಮಾಡಿ ನಡುವಿಗೆ ತನ್ನಿ, ಪ್ರತಿ ಸಲ ಹಿಂದಿನ ಪಟ್ಟಿಯ ಅರ್ಧ ಭಾಗ ಮತ್ತೆ ತುಳಿಯಲಿ. ನಡುವಿನಿಂದ ಶುರು ಮಾಡಿದರೆ ಮಾಲು ಹೊರಕ್ಕೆ ಜಾರಿ, ಮಾಡಿದ ಉಬ್ಬು ಹೋಗುತ್ತದೆ. 8 ಇಂಚು ಹಾಕುವುದಾದರೆ ಎರಡು ಪದರವನ್ನೂ ಬೇರೆ ಬೇರೆಯಾಗಿ ಅಮುಕಬೇಕು.

ರೋಲರ್ ಇಲ್ಲದಿದ್ದರೆ ತುಂಬಿದ ಟ್ರೇಲರನ್ನೇ ಓಡಿಸಿ, ಪ್ರತಿ ಸಲ ಒಂದು ಟೈರಿನಷ್ಟು ಪಕ್ಕಕ್ಕೆ ಸರಿಯುತ್ತಾ. ಬೇಸರದ ಕೆಲಸ, ಆದರೆ ಆಗುತ್ತದೆ. ಹೊಸದಾಗಿ ಟೈರಿನ ಗುರುತು ಮೂಡುವುದು ನಿಂತರೆ ಸಾಕು.

ಮೊದಲ ಕೆಲವು ವಾರ

ಎಲ್ಲ ಗಾಡಿಗಳೂ ಒಂದೇ ಗೆರೆಯಲ್ಲಿ ಓಡಿದರೆ ಆ ಗೆರೆ ಮಾತ್ರ ತಗ್ಗುತ್ತದೆ. ಒಂದು ವಾರ ಈ ಕಡೆ, ಇನ್ನೊಂದು ವಾರ ಆ ಕಡೆ ಓಡುವಂತೆ ಅಲ್ಲಲ್ಲಿ ಬಣ್ಣ ಬಳಿದ ಡ್ರಮ್ಮೋ, ರಾತ್ರಿಯಲ್ಲೂ ಕಾಣುವ ಬೇರೇನಾದರೂ ಗುರುತೋ ಇಡಿ. ಬರೀ ಕಲ್ಲು ಇಟ್ಟರೆ ಕತ್ತಲಲ್ಲಿ ಯಾರಾದರೂ ಬೀಳುತ್ತಾರೆ.

ಮೊದಲ ಜೋರು ಮಳೆ ಬಂದ ಮರುದಿನ, ಇನ್ನೂ ಹದ ಇರುವಾಗ, ಬ್ಲೇಡನ್ನು ಒಮ್ಮೆ ಹಗುರವಾಗಿ ಎಳೆದು ಅಂಚಿಗೆ ಸರಿದ ಜಲ್ಲಿಯನ್ನು ನಡುವಿಗೆ ತನ್ನಿ. ಎಲ್ಲಾದರೂ ಗುಂಡಿ ಬಿದ್ದಿದ್ದರೆ ಮೇಲಿನಿಂದ ತುಂಬಬೇಡಿ. ಅದರ ಆಳಕ್ಕೆ ಸುತ್ತಲೂ ಕೆದಕಿ, ನೀರು ಯಾಕೆ ನಿಂತಿತು ನೋಡಿ, ಆಮೇಲೆ ಮೂಲೆಯಲ್ಲಿ ಉಳಿಸಿದ ಅರ್ಧ ಲೋಡಿನಿಂದ ತಂದು ಹಾಕಿ ಅಮುಕಿ. ಆ ಉಳಿಕೆ ಮಾಲಿನ ಮೇಲೆ ಟಾರ್ಪಾಲು ಹೊದಿಸಿಡಿ, ಇಲ್ಲದಿದ್ದರೆ ಮಳೆಗೆ ಪುಡಿಯೆಲ್ಲ ತೊಳೆದುಹೋಗಿ ಬರೀ ಕಲ್ಲು ಉಳಿಯುತ್ತದೆ. ಮೋರಿಯ ಬಾಯಿ, ಚರಂಡಿಯ ತುದಿ ಎರಡನ್ನೂ ಪ್ರತಿ ಮಳೆಗಾಲಕ್ಕೆ ಮುಂಚೆ ಸಲಿಕೆ ಹಿಡಿದು ಬಿಡಿಸಿ.